ಉಪಕರಣಕ್ಕೆ ಕೈಮುಗಿಯುವ ಪ್ರಶ್ನೆ

ದುಡಿಯುವವನು ತನ್ನ ಉಪಕರಣಕ್ಕೆ ಕೈಮುಗಿಯುವುದು ಭಕ್ತಿಯೋ, ಮೌಢ್ಯವೋ, ಅಥವಾ ಕೆಲಸ ಎಂಬುದರ ಸ್ವರೂಪವನ್ನು ಅರಿತದ್ದರ ಗುರುತೋ ಎಂಬ ಪ್ರಶ್ನೆ ಕನ್ನಡ ನಾಡಿನ ಧರ್ಮಚಿಂತನೆಯಲ್ಲಿ ಬಹಳ ಹಳೆಯದು. ಆ ಪ್ರಶ್ನೆಯನ್ನು ಹೊಸದಾಗಿ ಒರೆಗೆ ಹಚ್ಚಲು ಬೇಕಾದ ನಿದರ್ಶನಗಳು ಮಾತ್ರ ಕಳೆದ ಅರವತ್ತು ವರ್ಷಗಳಲ್ಲಿ, ಅದೂ ನೆಲದಿಂದ ನೂರಾರು ಕಿಲೋಮೀಟರ್ ಎತ್ತರದಲ್ಲಿ, ಕೆಟ್ಟುಹೋದ ಯಂತ್ರವನ್ನು ರಿಪೇರಿ ಮಾಡಲು ಕೈಗವಸು ತೊಟ್ಟು ನೌಕೆಯಿಂದ ಹೊರಬಂದ ಗಗನಯಾತ್ರಿಗಳ ದುಡಿಮೆಯಲ್ಲಿ ಸಿಕ್ಕಿವೆ. ನೆಲದ ಮೇಲೆ ಕೆಲಸಗಾರನ ಬೆನ್ನಿಗೆ ಸದ್ದಿಲ್ಲದೆ ನಿಂತಿರುವ ನೆರವುಗಳೆಲ್ಲ ಅಲ್ಲಿ ಒಂದೊಂದಾಗಿ ಹಿಂದೆ ಸರಿಯುವುದರಿಂದ, ಕೆಲಸ ಮಾಡುವವನ ಪಾಲು ಎಷ್ಟು, ಉಪಕರಣದ ಪಾಲು ಎಷ್ಟು ಎಂಬುದು ಅಲ್ಲಿ ಬೇರೆಲ್ಲಿಗಿಂತ ನಿಚ್ಚಳವಾಗಿ ಕಾಣುತ್ತದೆ.

ಈ ಪ್ರಶ್ನೆ ಗ್ರಂಥಗಳಲ್ಲಿ ಮಾತ್ರ ಉಳಿದಿಲ್ಲ. ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರ ಹಿಂದೆ ಮುಧೋಳ ಸಂಸ್ಥಾನಕ್ಕೆ ಸೇರಿದ್ದ, ಮಹಾಲಿಂಗೇಶ್ವರನ ಗುಡಿಗೂ ಬೆಲ್ಲದ ಪೇಟೆಗೂ ಸೀರೆಯ ಮಗ್ಗಗಳಿಗೂ ಹೆಸರಾದ ಊರು. ರಬಕವಿ, ಬನಹಟ್ಟಿ, ತೇರದಾಳಗಳಂತೆ ಇಲ್ಲಿಯೂ ನೇಕಾರಿಕೆ ಮನೆಮನೆಯ ಬದುಕು. ಮಹಾನವಮಿಯ ಖಂಡೆಪೂಜೆಯ ದಿನ, ಅಂದರೆ ಬೇರೆ ಕಡೆ ಆಯುಧಪೂಜೆ ಎಂದು ಕರೆಯುವ ದಿನ, ಕೈಮಗ್ಗವಿರಲಿ ವಿದ್ಯುತ್ ಮಗ್ಗವಿರಲಿ, ಎಲ್ಲವೂ ನಿಲ್ಲುತ್ತದೆ. ಹಾಸಿನ ಎಳೆಗಳ ನಡುವೆ ಹೊಕ್ಕಿನ ನೂಲನ್ನು ಅತ್ತಿಂದಿತ್ತ ಒಯ್ಯುವ ಲಾಳಿ, ಹೊಕ್ಕಿನ ಎಳೆಯನ್ನು ಒತ್ತಿ ಬಿಗಿಗೊಳಿಸುವ ಹಣಿಗೆ, ನೂಲು ಸುತ್ತಿದ ಕಂಡಿಕೆ, ಇವನ್ನೆಲ್ಲ ಒರೆಸಿ ವಿಭೂತಿ, ಕುಂಕುಮ, ಹೂವು ಏರಿಸಿ ಕಾಯಿ ಒಡೆಯುತ್ತಾರೆ. ಆ ದಿನ ಲಾಳಿ ಎಸೆಯುವುದಿಲ್ಲ. ವರ್ಷವಿಡೀ ಕೈಯ ಮುಂದುವರಿಕೆಯಂತಿದ್ದ ಸಾಮಾನು ಅಂದು ಕೈಯಿಂದ ಬೇರೆಯಾಗಿ ಎದುರಿಗೆ ಕೂರುತ್ತದೆ, ನೇಕಾರ ಬರಿಗೈಯಲ್ಲಿ ಅದರ ಮುಂದೆ ಕೂರುತ್ತಾನೆ. ಮರುದಿನ ಬನ್ನಿ ಹಂಚುವಾಗ ನೆನೆಯುವ ಕಥೆಯೂ ಇದಕ್ಕೆ ಹೊಂದುವಂಥದೇ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧಗಳನ್ನು ಶಮೀವೃಕ್ಷದಲ್ಲಿ ಇರಿಸಿ ಒಂದು ವರ್ಷ ಬರಿಗೈಯವರಾಗಿ, ಅಡುಗೆಯವನಾಗಿ, ನಾಟ್ಯ ಕಲಿಸುವವನಾಗಿ, ಕುದುರೆ ಕಾಯುವವನಾಗಿ ಬಾಳಿದರು.

ಈ ಪೂಜೆಗೆ ಎದುರಾಗಿ ನಿಲ್ಲುವ ಅತ್ಯಂತ ಗಟ್ಟಿಯಾದ ಆಕ್ಷೇಪವೂ ಇದೇ ಜಿಲ್ಲೆಯ ನೆಲದ್ದು. ಕೂಡಲಸಂಗಮದಲ್ಲಿ ಐಕ್ಯನಾದ ಬಸವಣ್ಣ, ಅಡುಗೆಮನೆಯ ಮಡಕೆಯಿಂದ ಹಿಡಿದು ಧಾನ್ಯ ಅಳೆಯುವ ಕೊಳಗದವರೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ದೈವ ಮಾಡಿಕೊಂಡು, ಕೊನೆಗೆ ಕಾಲಿಡಲು ಜಾಗವಿಲ್ಲದಂತೆ ದೈವಗಳನ್ನು ತುಂಬಿಕೊಳ್ಳುವ ರೂಢಿಯನ್ನು ಒಂದು ಪ್ರಸಿದ್ಧ ವಚನದಲ್ಲಿ ಖಂಡಿಸಿದ್ದಾನೆ. ಅವನ ಅನುಯಾಯಿಗಳೆಂದು ಹೇಳಿಕೊಳ್ಳುವ ನೇಕಾರರೇ ಮಗ್ಗಕ್ಕೆ ವಿಭೂತಿ ಹಚ್ಚುತ್ತಾರೆ ಎಂಬುದನ್ನು ಕೇವಲ ಅಸಂಗತಿ ಎಂದು ಬದಿಗೆ ಸರಿಸುವುದು ಸುಲಭ. ಆದರೆ ಆ ಆಕ್ಷೇಪ ನಿಜವಾಗಿ ಯಾವುದಕ್ಕೆ ತಗಲುತ್ತದೆ, ಯಾವುದಕ್ಕೆ ತಗಲುವುದಿಲ್ಲ ಎಂದು ಬಿಡಿಸಿ ನೋಡದೆ ಹಾಗೆ ತೀರ್ಮಾನಿಸುವುದು ಬಸವಣ್ಣನಿಗೂ ನೇಕಾರನಿಗೂ ಅನ್ಯಾಯ. ಕಸುಬಿನ ಕೀಳು-ಮೇಲನ್ನು ಅಳಿಸಿ, ಅಂಬಿಗನ ಹುಟ್ಟನ್ನೂ ಮಡಿವಾಳನ ಬಂಡೆಯನ್ನೂ ನೇಕಾರನ ಮಗ್ಗವನ್ನೂ ಗುಡಿಯ ಪೂಜಾಸಾಮಗ್ರಿಗೆ ಸಮನಾಗಿ ನಿಲ್ಲಿಸಿದ ಚಳವಳಿಯೂ ಅವನದೇ ಆಗಿತ್ತು. ಸಾಧನಕ್ಕೆ ಅಷ್ಟು ಘನತೆ ತಂದುಕೊಟ್ಟವನು ಸಾಧನವನ್ನು ದೈವವೆನ್ನಬೇಡಿ ಎಂದದ್ದು ಯಾಕೆ ಎಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ.

ಭಾರತೀಯ ತತ್ತ್ವಶಾಸ್ತ್ರ ಉಪಕರಣವನ್ನು ಕುರಿತು ಯೋಚಿಸಲು ಹಿಡಿದ ಉದಾಹರಣೆಯೇ ಮಗ್ಗ ಎಂಬುದು ಮಹಾಲಿಂಗಪುರದಂಥ ಊರಿನವರಿಗೆ ಸಂತೋಷ ತರಬಹುದು. ಅನ್ನಂಭಟ್ಟನ 'ತರ್ಕಸಂಗ್ರಹ' ಸಂಸ್ಕೃತ ಪಾಠಶಾಲೆಗಳಲ್ಲಿ ನ್ಯಾಯಶಾಸ್ತ್ರದ ಮೊದಲ ಪಠ್ಯವಾಗಿ ಓದಿಸುವ ಕಿರುಗ್ರಂಥ. ಅದು ಬಟ್ಟೆಯ ಹುಟ್ಟಿಗೆ ಮೂರು ಬಗೆಯ ಕಾರಣಗಳನ್ನು ಹೇಳುತ್ತದೆ. ನೂಲು ಸಮವಾಯಿ ಕಾರಣ, ಅಂದರೆ ಬಟ್ಟೆಯಿಂದ ಎಂದೂ ಬೇರ್ಪಡದೆ ಅದರಲ್ಲೇ ನೆಲೆಸುವ ಕಾರಣ. ಎಳೆಗಳ ಪರಸ್ಪರ ಸೇರುವಿಕೆ ಅಸಮವಾಯಿ ಕಾರಣ. ಲಾಳಿ, ಮಗ್ಗ ಮೊದಲಾದವು ನಿಮಿತ್ತ ಕಾರಣ, ಅಂದರೆ ಕಾರ್ಯ ಹುಟ್ಟುವವರೆಗೆ ಬೇಕಾಗಿ ಹುಟ್ಟಿದ ಮೇಲೆ ಅದರಿಂದ ಹೊರಗುಳಿಯುವ ಕಾರಣ. ಕಾರಣಗಳ ಗುಂಪಿನಲ್ಲಿ ಆಯಾ ಕಾರ್ಯಕ್ಕೇ ವಿಶೇಷವಾದದ್ದನ್ನು ನೈಯಾಯಿಕರು ಕರಣ ಎನ್ನುತ್ತಾರೆ. ಗಮನಿಸಬೇಕಾದ್ದೆಂದರೆ, ಅರಿವು ಹುಟ್ಟಲು ನೆರವಾಗುವ ಕಣ್ಣು, ಕಿವಿಗಳೂ ಅವರ ಲೆಕ್ಕದಲ್ಲಿ ಕರಣಗಳೇ; ಕಡಿಯುವ ಕೊಡಲಿಯೂ ನೋಡುವ ಕಣ್ಣೂ ಒಂದೇ ಪಂಕ್ತಿಯಲ್ಲಿ ಬರುತ್ತವೆ. ಈ ಮಾತಿನ ಭಾರ ಮುಂದೆ ಹಬಲ್ ದೂರದರ್ಶಕದ ಪ್ರಸಂಗದಲ್ಲಿ ತಿಳಿಯುತ್ತದೆ.

ವೇದಾಂತಿಗಳು ಮಗ್ಗದ ಬದಲು ಬಡಿಗನನ್ನು ಆರಿಸಿಕೊಂಡರು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ, ಜೀವನು ನಿಜಕ್ಕೂ ಕರ್ತೃವೇ, ಅಂದರೆ ಕೆಲಸ ಮಾಡುವವನೇ ಎಂಬ ಚರ್ಚೆಯ ನಡುವೆ ಬಡಿಗನ ದೃಷ್ಟಾಂತ ಬರುತ್ತದೆ. ಶಂಕರಾಚಾರ್ಯರ ವಿವರಣೆಯಂತೆ ಬಾಚಿ ಮೊದಲಾದ ಉಪಕರಣ ಹಿಡಿದಾಗ ಬಡಿಗನು ಕರ್ತೃ, ಆಗ ಅವನಿಗೆ ದುಃಖವೂ ಉಂಟು. ಮನೆಗೆ ಬಂದು ಉಪಕರಣ ಕೆಳಗಿಟ್ಟರೆ ಅವನು ನಿಶ್ಚಿಂತ, ಸ್ವಸ್ಥ. ಹಾಗೆಯೇ ಆತ್ಮನಿಗೆ ಕರ್ತೃತ್ವ ಸಹಜವಲ್ಲ, ಮನಸ್ಸು, ಇಂದ್ರಿಯಗಳೆಂಬ ಕರಣಗಳ ಸಂಗದಿಂದ ಬಂದದ್ದು. ಉಡುಪಿಯ ಮಧ್ವಾಚಾರ್ಯರು ಅದೇ ಬಡಿಗನನ್ನು ಬೇರೆ ಕಣ್ಣಿನಿಂದ ನೋಡಿದರು. ಬಡಿಗ ಕೆಲಸ ಮಾಡಿಸುವವನ ಅಧೀನ, ಆದರೂ ಕೆಲಸ ಮಾಡುವವನು ಅವನೇ. ಜೀವನ ಕರ್ತೃತ್ವವೂ ಹಾಗೆಯೇ ನಿಜವಾದದ್ದು, ಆದರೆ ಪರಾಧೀನವಾದದ್ದು. ಉಪಕರಣ ಕೆಳಗಿಟ್ಟ ಬಡಿಗ ಯಾರು ಎಂದು ಒಬ್ಬರು ಕೇಳಿದರೆ, ಯಾರ ಮನೆಯ ಕೆಲಸಕ್ಕಾಗಿ ಅವನು ಉಪಕರಣ ಎತ್ತಿದ ಎಂದು ಇನ್ನೊಬ್ಬರು ಕೇಳಿದರು.

ಬಾಹ್ಯಾಕಾಶದ ಬಡಿಗ ಈ ಎರಡೂ ಪ್ರಶ್ನೆಗಳನ್ನು ಮೈಮೇಲೆ ಎಳೆದುಕೊಳ್ಳುತ್ತಾನೆ. ನೆಲದ ಮೇಲೆ ಬೋಲ್ಟು ಬಿಗಿಯುವಾಗ ಕಾಲಡಿಯ ನೆಲವೂ ಮೈಯ ತೂಕವೂ ತಿರುಚುವ ಬಲಕ್ಕೆ ಎದುರುಬಲ ಕೊಡುತ್ತವೆ, ಅದು ಯಾರ ಗಮನಕ್ಕೂ ಬರುವುದಿಲ್ಲ; ಕಕ್ಷೆಯಲ್ಲಿ ಆ ಆಸರೆ ಇಲ್ಲವಾದ್ದರಿಂದ ಬೋಲ್ಟಿನ ಬದಲು ಬೋಲ್ಟು ತಿರುಗಿಸುವವನೇ ತಿರುಗಿಬಿಡುತ್ತಾನೆ. 1966ರ ಜೂನ್‌ನಲ್ಲಿ ಜೆಮಿನಿ 9 ನೌಕೆಯಿಂದ ಹೊರಬಂದ ಯೂಜೀನ್ ಸೆರ್ನನ್ ಎರಡು ಗಂಟೆಗೂ ಹೆಚ್ಚು ಕಾಲ ಹಿಡಿತಕ್ಕಾಗಿ ಹೆಣಗಿ, ಬೆವರಿ, ಶಿರಸ್ತ್ರಾಣದ ಗಾಜು ಮಬ್ಬಾಗಿ ಎದುರಿನದೇನೂ ಕಾಣದಂತಾಗಿ, ವಹಿಸಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಒಳಗೆ ಬರಬೇಕಾಯಿತು. ಅವರಲ್ಲಿ ಬಲದ ಕೊರತೆಯಾಗಲಿ ಧೈರ್ಯದ ಕೊರತೆಯಾಗಲಿ ಇರಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಜೆಮಿನಿ 12ರ ಬಜ್ ಆಲ್ಡ್ರಿನ್, ನೀರಿನೊಳಗೆ ಅಭ್ಯಾಸ ಮಾಡಿಕೊಂಡು ಬಂದು, ಕಾಲು ಸಿಕ್ಕಿಸಲು ಪಾದಬಂಧ, ಹಿಡಿಯಲು ಹಿಡಿಕೆ, ಸೊಂಟಕ್ಕೆ ಕಟ್ಟುಹಗ್ಗಗಳ ನೆರವಿನಿಂದ ಬೋಲ್ಟು ತಿರುಗಿಸುವಂಥ ಕೆಲಸಗಳನ್ನು ನಿರಾಯಾಸವಾಗಿ ಮಾಡಿದರು. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕರ್ಮ ಸಿದ್ಧಿಸಲು ಐದು ಕಾರಣಗಳನ್ನು ಎಣಿಸುತ್ತದೆ. ಅಧಿಷ್ಠಾನ ಅಂದರೆ ಆಧಾರ, ಕರ್ತೃ, ನಾನಾ ಬಗೆಯ ಕರಣ, ಬಗೆಬಗೆಯ ಚೇಷ್ಟೆ ಅಂದರೆ ಪ್ರಯತ್ನ, ಮತ್ತು ದೈವ. ಕೆಲಸವೆಲ್ಲ ತನ್ನೊಬ್ಬನಿಂದಲೇ ಆಯಿತೆಂದು ಕಾಣುವವನು ಸರಿಯಾಗಿ ಕಾಣುವವನಲ್ಲ ಎಂದೂ ಅಲ್ಲಿಯೇ ಹೇಳುತ್ತದೆ. ಭಾಷ್ಯಕಾರರು ಅಧಿಷ್ಠಾನವನ್ನು ಶರೀರವೆಂದು ಅರ್ಥೈಸುವುದುಂಟು. ಆಸರೆ ಎಂಬ ಸಾಮಾನ್ಯ ಅರ್ಥವನ್ನೇ ಹಿಡಿದರೆ, ಪಟ್ಟಿಯ ಮೊದಲ ಹೆಸರು ಅದೇಕೆ ಎಂಬುದು ಸೆರ್ನನ್ ಪಟ್ಟ ಪಾಡಿನಿಂದ ತಿಳಿಯುತ್ತದೆ.

ಇಂದು ಹೊರಗೆ ಹೋಗುವ ಗಗನಯಾತ್ರಿಯ ಮುಖ್ಯ ಸಾಧನ ಪಿಸ್ಟಲ್ ಗ್ರಿಪ್ ಟೂಲ್ ಎಂಬ, ಪಿಸ್ತೂಲಿನಂಥ ಹಿಡಿಯುಳ್ಳ, ಬ್ಯಾಟರಿಯಿಂದ ನಡೆಯುವ ಬೋಲ್ಟು ಯಂತ್ರ. 1997ರಲ್ಲಿ ಹಬಲ್ ದೂರದರ್ಶಕದ ಎರಡನೆಯ ದುರಸ್ತಿಯಲ್ಲಿ ಅದು ಬಳಕೆಗೆ ಬಂತು. ಎಷ್ಟು ಬಲದಿಂದ ತಿರುಚಬೇಕು, ಎಷ್ಟು ಸುತ್ತು ತಿರುಗಿಸಬೇಕು ಎಂಬುದನ್ನು ಮೊದಲೇ ಅದರಲ್ಲಿ ನಿಗದಿ ಮಾಡಿ, ಪ್ರತಿ ಬೋಲ್ಟು ನಿಜವಾಗಿ ತೆಗೆದುಕೊಂಡ ಸುತ್ತಿನ ಎಣಿಕೆಯನ್ನು ಭೂಮಿಯ ನಿಯಂತ್ರಣ ಕೇಂದ್ರಕ್ಕೆ ಓದಿ ಹೇಳುತ್ತಾರೆ. ಉಡುಪಿನೊಳಗೆ ಸುಮಾರು ಮೂರನೆಯ ಒಂದು ಭಾಗದಷ್ಟು ವಾಯುಭಾರ ತುಂಬಿರುವುದರಿಂದ ಕೈಗವಸು ಸದಾ ಬಿರುಸಾಗಿ ಉಬ್ಬಿರುತ್ತದೆ, ಮುಷ್ಟಿ ಮುಚ್ಚಿದಾಗಲೆಲ್ಲ ಅದರ ವಿರುದ್ಧ ಹೋರಾಡಬೇಕು; ಆರು ಗಂಟೆಯ ದುಡಿಮೆಯಲ್ಲಿ ಬೆರಳು ಸೋಲುವುದೂ ಉಗುರು ಕೀಳುವುದೂ ಉಂಟು. ಒಂದೊಂದು ಸಾಮಾನಿಗೂ ಕಟ್ಟುಹಗ್ಗವಿರುತ್ತದೆ, ಹೊಸ ಕೊಂಡಿ ಸಿಕ್ಕಿಸದೆ ಹಳೆಯದನ್ನು ಬಿಚ್ಚುವಂತಿಲ್ಲ. ಹೀಗೆ ಎಣಿಸುವ, ಕಟ್ಟುವ, ಓದಿ ಹೇಳುವ ಈ ಎಚ್ಚರದಲ್ಲಿ ಪೂಜಾವಿಧಿಯ ಶಿಸ್ತನ್ನು ಕಾಣುವುದು ತಪ್ಪಲ್ಲ, ಆದರೆ ಅಲ್ಲಿ ಬೇಡಿಕೆ ಇಲ್ಲ. ಬೋಲ್ಟಿನ ಮುಂದೆ ಯಾರೂ ಹರಕೆ ಹೊರುವುದಿಲ್ಲ.

2012ರ ಆಗಸ್ಟ್ 30ರಂದು ಸುನೀತಾ ವಿಲಿಯಮ್ಸ್ ಮತ್ತು ಜಪಾನಿನ ಅಕಿಹಿಕೊ ಹೊಶಿದೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ಎಂಟು ಗಂಟೆಗೂ ಮೀರಿ ದುಡಿದದ್ದು ಇದಕ್ಕೆ ಹತ್ತಿರದಿಂದ ನೋಡತಕ್ಕ ಉದಾಹರಣೆ. ಸೌರಫಲಕಗಳ ವಿದ್ಯುತ್ತನ್ನು ನಿಲ್ದಾಣಕ್ಕೆ ಹಂಚುವ ನಾಲ್ಕು ಮುಖ್ಯ ಪೆಟ್ಟಿಗೆಗಳಲ್ಲಿ ಒಂದನ್ನು ಬದಲಿಸಬೇಕಾಗಿತ್ತು. ಹಳೆಯದನ್ನು ತೆಗೆದದ್ದಾಯಿತು, ಹೊಸದನ್ನು ಕೂರಿಸುವಾಗ ಬೋಲ್ಟೊಂದು ಕಚ್ಚಿಕೊಂಡು ಒಳಹೋಗಲೊಲ್ಲದಾಯಿತು. ಬಲ ಹೆಚ್ಚಿಸಿದರೆ ಮುರಿಯುವ ಭಯ, ಬಿಟ್ಟು ಬಂದರೆ ನಿಲ್ದಾಣಕ್ಕೆ ವಿದ್ಯುತ್ ಕೊರತೆ. ಅಂದು ಪೆಟ್ಟಿಗೆಯನ್ನು ಹಗ್ಗದಿಂದ ಕಟ್ಟಿ ಒಳಗೆ ಬಂದರು. ಮುಂದಿನ ದಿನಗಳಲ್ಲಿ ಭೂಮಿಯ ಮೇಲಿನ ಎಂಜಿನಿಯರುಗಳೂ ನಿಲ್ದಾಣದ ಒಳಗಿದ್ದವರೂ ಸೇರಿ, ಇದ್ದ ಸಾಮಾನಿನಲ್ಲೇ ಹೊಸ ಉಪಕರಣ ಮಾಡಿದರು. ಕೇಬಲ್ಲಿನ ತಂತಿಗಳನ್ನು ಬಿಡಿಸಿ ಕಟ್ಟಿದ ಒಂದು ಕುಂಚ, ಹಿಡಿಕೆಗೆ ಬಿಗಿದ ಹಲ್ಲುಜ್ಜುವ ಬ್ರಷ್ಷು. ಸೆಪ್ಟೆಂಬರ್ 5ರಂದು ಅವರು ಮತ್ತೆ ಹೊರಗೆ ಹೋಗಿ, ಬೋಲ್ಟಿನ ತೂತಿನಲ್ಲಿ ಸಿಕ್ಕಿದ್ದ ಲೋಹದ ಚೂರುಗಳನ್ನು ನೈಟ್ರೋಜನ್ ಊದಿ ಹಾರಿಸಿ, ಕುಂಚದಿಂದ ತಿಕ್ಕಿ, ಮರೆಗೆ ಜಿಡ್ಡು ಸವರಿ, ಬೋಲ್ಟನ್ನು ಕೂರಿಸಿದರು. ಮೊದಲ ಯಾನದಲ್ಲಿ ಭಗವದ್ಗೀತೆಯನ್ನೂ ಗಣಪತಿಯ ಚಿಕ್ಕ ಮೂರ್ತಿಯನ್ನೂ ಜೊತೆಗೊಯ್ದಿದ್ದ ಆಕೆಯ ಭಕ್ತಿ ಭಾರತದಲ್ಲಿ ಬಹಳ ಪ್ರಚಾರ ಪಡೆಯಿತು; ಬ್ರಷ್ಷಿನ ಕಥೆಗೆ ಅಷ್ಟು ಪ್ರಚಾರ ಸಿಗಲಿಲ್ಲ. ಈ ಲೇಖನದ ದೃಷ್ಟಿಯಲ್ಲಿ ಮಾತ್ರ ಧರ್ಮದ ಪ್ರಶ್ನೆಗೆ ಎರಡನೆಯದೇ ಹೆಚ್ಚು ಸಲ್ಲುತ್ತದೆ. ಯಾರೂ ಕೈಮುಗಿಯದ, ದಿನವೂ ಬಳಸಿ ಮರೆಯುವ ಬ್ರಷ್ಷು ಅಲ್ಲಿ ಕರಣವಾಯಿತು. ಉಪಕರಣದ ಘನತೆ ಅದರ ಲೋಹದಲ್ಲಾಗಲಿ ಬೆಲೆಯಲ್ಲಾಗಲಿ ಇಲ್ಲ, ಅದನ್ನು ಸೇರಿಕೊಂಡ ಗಮನದಲ್ಲಿದೆ ಎಂಬ ಶರಣರ ನಿಲುವಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಇದರ ಎದುರು ಮಗ್ಗುಲು ಹಬಲ್ ದೂರದರ್ಶಕದ ಕಥೆ. 1990ರ ಏಪ್ರಿಲ್‌ನಲ್ಲಿ ಕಕ್ಷೆಗೆ ಸೇರಿದ ಈ ದೂರದರ್ಶಕದ 2.4 ಮೀಟರ್ ಅಗಲದ ಮುಖ್ಯ ಕನ್ನಡಿ ಅಂಚಿನಲ್ಲಿ ಸುಮಾರು 2.2 ಮೈಕ್ರೋಮೀಟರಿನಷ್ಟು ಹೆಚ್ಚು ಚಪ್ಪಟೆಯಾಗಿದ್ದುದರಿಂದ, ಅಂದರೆ ತಲೆಗೂದಲಿನ ದಪ್ಪದ ಐವತ್ತರಲ್ಲಿ ಒಂದು ಪಾಲಿನಷ್ಟು ತಪ್ಪಿದ್ದುದರಿಂದ, ನಕ್ಷತ್ರಗಳ ಚಿತ್ರ ಮಸುಕಾಗಿ ಬಂತು. ಕನ್ನಡಿಯನ್ನು ಉಜ್ಜಿದ ಕೈಗಳು ಸೋತಿರಲಿಲ್ಲ. ಉಜ್ಜುವಿಕೆ ಅತ್ಯಂತ ನಿಖರವಾಗಿತ್ತು. ತಪ್ಪು ಇದ್ದದ್ದು ಆಕಾರವನ್ನು ಅಳೆಯುವ ನಲ್ ಕರೆಕ್ಟರ್ ಎಂಬ ಸಾಧನದಲ್ಲಿ. ಅದರೊಳಗಿನ ಮಸೂರವೊಂದು ಇರಬೇಕಾದ ಜಾಗದಿಂದ 1.3 ಮಿಲಿಮೀಟರ್ ಸರಿದು ಕೂತಿತ್ತು. ಆದ್ದರಿಂದ ಕನ್ನಡಿ ತಪ್ಪು ಆಕಾರಕ್ಕೆ ಅತ್ಯಂತ ಸರಿಯಾಗಿ ತಯಾರಾಯಿತು. ಹೆಚ್ಚು ನೋವಿನ ಸಂಗತಿ ಬೇರೆ ಇದೆ. ಸರಳವಾದ ಬೇರೆ ಅಳತೆಗಳು ದೋಷವನ್ನು ಆಗಲೇ ತೋರಿಸಿದ್ದವು, ಆದರೆ ಆ ಸಾಧನಗಳು ಕಡಿಮೆ ನಿಖರವೆಂದು ಅವುಗಳ ಮಾತನ್ನು ತಳ್ಳಿಹಾಕಿ, ಒಂದೇ ಸಾಧನವನ್ನು ಪ್ರಶ್ನಾತೀತವೆಂದು ನಂಬಲಾಯಿತು. ನೈಯಾಯಿಕರ ಭಾಷೆಯಲ್ಲಿ ಇದು ಅರಿವಿನ ಕರಣದಲ್ಲೇ ಹೊಕ್ಕ ದೋಷ. ಕಾಮಾಲೆ ಕಣ್ಣಿಗೆ ಶಂಖ ಹಳದಿಯಾಗಿ ಕಾಣುವುದನ್ನು ಅವರು ಇದಕ್ಕೇ ಉದಾಹರಿಸುತ್ತಾರೆ. ಬಸವಣ್ಣನ ಭಾಷೆಯಲ್ಲಿ ಇದು ಕೊಳಗವನ್ನು ದೈವ ಮಾಡಿಕೊಂಡ ಪರಿ. ಅಳೆಯುವುದಕ್ಕಾಗಿ ಇರುವ ಕೊಳಗವನ್ನೇ ಅಳತೆಯ ಆಚೆಗೆ ಇಟ್ಟರೆ ಧಾನ್ಯ ಎಷ್ಟೆಂಬುದು ಯಾರಿಗೂ ತಿಳಿಯುವುದಿಲ್ಲ. ಅವನ ಆಕ್ಷೇಪ ಕುಂಕುಮ, ವಿಭೂತಿಗಳ ಮೇಲಿನದಲ್ಲ, ಸಾಧನಕ್ಕೆ ಪರೀಕ್ಷೆಯಿಂದ ವಿನಾಯಿತಿ ಕೊಟ್ಟು ತನ್ನ ವಿವೇಕವನ್ನು ಅದರ ಕಾಲಡಿ ಇಡುವ ಮನೋಭಾವದ ಮೇಲಿನದು ಎಂದು ಓದಿದರೆ, ಎಂಟು ಶತಮಾನಗಳ ನಂತರ ಅತ್ಯಾಧುನಿಕ ಪ್ರಯೋಗಶಾಲೆಯಲ್ಲಿ ಅದೇ ಮೂರ್ತಿಪೂಜೆ ನಡೆಯಿತೆನ್ನುವುದರಲ್ಲಿ ಉತ್ಪ್ರೇಕ್ಷೆಯಿಲ್ಲ.

1993ರ ಡಿಸೆಂಬರ್‌ನಲ್ಲಿ ಐದು ಬಾಹ್ಯಾಕಾಶ ನಡಿಗೆಗಳಲ್ಲಿ ಆ ದೋಷಕ್ಕೆ ಪರಿಹಾರ ಕಂಡಿತು. ಕೋಸ್ಟಾರ್ ಎಂಬ ಪೆಟ್ಟಿಗೆಯೊಳಗಿನ ಪುಟ್ಟ ಕನ್ನಡಿಗಳು ದೂರದರ್ಶಕಕ್ಕೆ ಕನ್ನಡಕದಂತೆ ಒದಗಿ ಬೆಳಕನ್ನು ಸರಿಪಡಿಸಿದವು. 2009ರ ಮೇ ತಿಂಗಳ ಕೊನೆಯ ದುರಸ್ತಿಯಲ್ಲಿ ಮೈಕ್ ಮ್ಯಾಸಿಮಿನೊ ಎದುರಿಸಿದ ಕೆಲಸ ಇನ್ನೂ ನಾಜೂಕಿನದು. ಬೆಳಕನ್ನು ಬಿಡಿಸಿ ಅಭ್ಯಸಿಸುವ, 2004ರಲ್ಲಿ ಕೆಟ್ಟುನಿಂತ ಉಪಕರಣವೊಂದರ ಒಳಕ್ಕೆ ಕೈಹಾಕಲು 111 ಸಣ್ಣ ತಿರುಪುಗಳನ್ನು ಬಿಚ್ಚಬೇಕಿತ್ತು, ಒಂದೂ ತೇಲಿಹೋಗಿ ದೂರದರ್ಶಕದ ಒಳಗೆ ಸೇರಬಾರದಿತ್ತು. ತಿರುಪುಗಳು ಬಿಚ್ಚಿದಲ್ಲೇ ಸೆರೆಯಾಗುವಂತೆ ತೂತುಗಳುಳ್ಳ ವಿಶೇಷ ಫಲಕವನ್ನು ಅದಕ್ಕಾಗಿಯೇ ರಚಿಸಿದ್ದರು. ಆ 111ರವರೆಗೆ ತಲುಪುವ ಮೊದಲೇ, ಅಡ್ಡವಿದ್ದ ಹಿಡಿಕಂಬಿಯ ನಾಲ್ಕು ಬೋಲ್ಟುಗಳಲ್ಲಿ ಒಂದರ ತಲೆ ಸವೆದು ಯಾವ ಉಪಕರಣಕ್ಕೂ ಬಗ್ಗದಾಯಿತು. ಭೂಮಿಯ ಮೇಲಿನ ತಂಡ ಅಂಥದೇ ಕಂಬಿಯ ಮೇಲೆ ಪ್ರಯೋಗ ಮಾಡಿ, ಚೂರುಗಳು ಹಾರದಂತೆ ಟೇಪು ಸುತ್ತಿ ಕೈಯಿಂದಲೇ ಜಗ್ಗಿ ಮುರಿಯಲು ಹೇಳಿತು. ಅವರು ಹಾಗೆಯೇ ಮಾಡಿದರು. ಕೊನೆಗೆ ಉಳಿದ ಕರಣ ಕೈ. ಕೈಯನ್ನೂ ಕರಣವೆಂದೇ ಎಣಿಸುವ ಶಾಸ್ತ್ರದ ಪಟ್ಟಿಯಲ್ಲಿ ಉಪಕರಣವೆಲ್ಲಿ ಮುಗಿದು ಮನುಷ್ಯನೆಲ್ಲಿ ಮೊದಲಾಗುತ್ತಾನೆ ಎಂಬುದಕ್ಕೆ ಗೆರೆ ಎಳೆಯುವುದು ಎಷ್ಟು ಕಷ್ಟವೆಂಬುದು ಇಲ್ಲಿ ತಿಳಿಯುತ್ತದೆ. ಶಂಕರರು ಆ ಗೆರೆಯನ್ನು ಕೈಗಿಂತಲೂ ಮನಸ್ಸಿಗಿಂತಲೂ ಒಳಗೆ ಎಳೆದದ್ದು ಅದಕ್ಕಾಗಿಯೇ.

ಕೈಯೇ ತಲುಪದ ದುರಸ್ತಿಯೂ ಉಂಟು, ಅದಕ್ಕೆ ಕರ್ನಾಟಕವೇ ಸಾಕ್ಷಿ. 1981ರಲ್ಲಿ ಹಾರಿದ ಆಪಲ್ ಉಪಗ್ರಹ, ಲೋಹದ ಅಡ್ಡಿಯಿಲ್ಲದ ಪರೀಕ್ಷೆಗಾಗಿ ಬೆಂಗಳೂರಿನಲ್ಲಿ ಎತ್ತಿನ ಗಾಡಿಯ ಮೇಲೆ ಕೂತ ಚಿತ್ರದಿಂದ ಹೆಸರಾದದ್ದು, ಕಕ್ಷೆಯಲ್ಲಿ ತನ್ನ ಎರಡು ಸೌರಫಲಕಗಳಲ್ಲಿ ಒಂದನ್ನು ಬಿಚ್ಚಲಾರದೆ ಹೋಯಿತು. ಆದರೂ ಅದನ್ನು ಎಚ್ಚರದಿಂದ ನಡೆಸಿ ಎರಡು ವರ್ಷಕ್ಕೂ ಮೀರಿ ದುಡಿಸಿಕೊಂಡರು. ಹಾಸನದ ಪ್ರಧಾನ ನಿಯಂತ್ರಣ ಕೇಂದ್ರ 1982ರಲ್ಲಿ ಇನ್ಸಾಟ್-1ಎ ಉಪಗ್ರಹವನ್ನು ಕೆಲವೇ ತಿಂಗಳಲ್ಲಿ ಕಳೆದುಕೊಂಡಿತು. ಮರುವರ್ಷ ಆಗಸ್ಟ್ ಕೊನೆಯಲ್ಲಿ ಚಾಲೆಂಜರ್ ನೌಕೆಯಿಂದ ಹೊರಬಿದ್ದ ಇನ್ಸಾಟ್-1ಬಿಯ ಸೌರಫಲಕವೂ ಸಿಕ್ಕಿಕೊಂಡಾಗ, ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದ ಕಕ್ಷೆಗೆ ಯಾವ ಬಡಿಗನೂ ಹೋಗುವಂತಿರಲಿಲ್ಲ. ರೇಡಿಯೋ ಆದೇಶಗಳನ್ನು ಕಳಿಸುತ್ತ, ಉತ್ತರ ಓದುತ್ತ ದಿನಗಟ್ಟಲೆ ಕಾದು, ಸೆಪ್ಟೆಂಬರ್ ನಡುವಿನ ಹೊತ್ತಿಗೆ ಫಲಕ ಪೂರ್ತಿ ಬಿಚ್ಚಿಕೊಂಡಿತು. ಹಳ್ಳಿಹಳ್ಳಿಗೆ ದೂರದರ್ಶನ ತಲುಪಿದ್ದು ಆ ಉಪಗ್ರಹದ ಮೂಲಕ. ಇಲ್ಲಿ ಕರಣವೆಂದರೆ ಬರಿಯ ಮಾತು, ಆದೇಶ; ಗೀತೆಯ ಐದರ ಪಟ್ಟಿಯ ಚೇಷ್ಟೆ ಮತ್ತು ದೈವಗಳ ನಡುವಿನ ಅಂತರ ಇಷ್ಟು ಕಿರಿದಾಗುವ ಸಂದರ್ಭ ಬೇರೆ ಸಿಗುವುದು ಕಷ್ಟ. ದೈವವೆಂಬುದು ಪ್ರಯತ್ನವನ್ನು ಬಿಟ್ಟವನಿಗೆ ಸಮಾಧಾನವಲ್ಲ, ಪ್ರಯತ್ನವೆಲ್ಲ ಮುಗಿದ ಮೇಲೂ ಲೆಕ್ಕದಲ್ಲಿ ಉಳಿಯುವ ಒಂದು ಪಾಲು ಎಂಬ ಅರ್ಥವೇ ಇಲ್ಲಿ ಹೊಂದುತ್ತದೆ.

ಆ ಪಾಲು ಕೆಡುಕಾಗಿಯೂ ಬರಬಹುದು. 1996ರಲ್ಲಿ ಕೊಲಂಬಿಯಾ ನೌಕೆಯ ಇಬ್ಬರು ಗಗನಯಾತ್ರಿಗಳು ಉಡುಪು ತೊಟ್ಟು ಸಿದ್ಧರಾಗಿ ಬಾಗಿಲ ಹಿಡಿ ತಿರುಗಿಸಿದರೆ, ಸಡಿಲವಾಗಿ ಬಿದ್ದ ಒಂದು ಸಣ್ಣ ತಿರುಪು ಗಾಲಿಹಲ್ಲಿನಲ್ಲಿ ಸಿಕ್ಕಿ ಬಾಗಿಲೇ ತೆರೆಯಲಿಲ್ಲ, ನಡಿಗೆಗಳೆರಡೂ ರದ್ದಾದವು. 2008ರ ನವೆಂಬರ್ 18ರಂದು ನಿಲ್ದಾಣದ ಹೊರಗೆ ದುಡಿಯುತ್ತಿದ್ದ ಗಗನಯಾತ್ರಿ ಹೈಡ್‌ಮರಿ ಸ್ಟೆಫನಿಶಿನ್-ಪೈಪರ್ ಅವರ ಚೀಲದಲ್ಲಿ ಗ್ರೀಸ್ ಗನ್ ಸೋರಿ, ಅದನ್ನು ಒರೆಸುತ್ತಿರುವಾಗ ಉಪಕರಣಗಳ ಚೀಲವೇ ಕೈತಪ್ಪಿ ತೇಲಿಹೋಯಿತು. ಮುಂದಿನ ವರ್ಷದ ಆಗಸ್ಟ್‌ವರೆಗೆ ಅದು ಭೂಮಿಯನ್ನು ಸುತ್ತಿ ವಾತಾವರಣದಲ್ಲಿ ಉರಿದುಹೋಯಿತು. ಆಕೆ ಕೆಲಸ ನಿಲ್ಲಿಸಲಿಲ್ಲ, ಜೊತೆಗಾರನ ಚೀಲದ ಸಾಮಾನುಗಳನ್ನೇ ಇಬ್ಬರೂ ಹಂಚಿಕೊಂಡು ಆ ದಿನದ ದುಡಿಮೆ ಮುಗಿಸಿದರು. ಶೂನ್ಯಸಂಪಾದನೆಯಲ್ಲಿ ಬರುವ ನುಲಿಯ ಚಂದಯ್ಯನ ಪ್ರಸಂಗ ಇಲ್ಲಿ ನೆನಪಿಗೆ ಬರಬೇಕಾದದ್ದು. ಹುಲ್ಲು ಕೊಯ್ದು ಹಗ್ಗ ಹೊಸೆದು, ಅದನ್ನು ಮಾರಿ ಬಂದದ್ದರಿಂದ ಜಂಗಮ ದಾಸೋಹ ನಡೆಸುತ್ತಿದ್ದ ಚಂದಯ್ಯನ ಇಷ್ಟಲಿಂಗ, ಹುಲ್ಲು ಕೊಯ್ಯುವಾಗ ಜಾರಿ ನೀರಿಗೆ ಬಿದ್ದರೂ ಅವನು ಕಾಯಕ ಬಿಡಲಿಲ್ಲ. ಗುರುವಿಗಾಗಲಿ ಲಿಂಗಕ್ಕಾಗಲಿ ಜಂಗಮಕ್ಕಾಗಲಿ ಕಾಯಕದಿಂದ ಬಿಡುಗಡೆಯಿಲ್ಲ ಎಂಬುದು ಅವನ ನಿಲುವು. ಇಷ್ಟಲಿಂಗ ಉಪಕರಣವಲ್ಲ, ಆರಾಧ್ಯ. ಚೀಲಕ್ಕೂ ಅದಕ್ಕೂ ಹೋಲಿಕೆ ಅಸಾಧ್ಯ. ಆದರೆ ಚಂದಯ್ಯ ಆ ಆರಾಧ್ಯಕ್ಕೂ ಕಾಯಕದ ನಿಯಮವನ್ನು ಅನ್ವಯಿಸಿದನೆಂಬುದೇ ಈ ಕಥೆಯ ಕೆಚ್ಚು. ದೈವವನ್ನೇ ದುಡಿಮೆಗಿಂತ ಮೇಲಿಡದವನು ಉಪಕರಣವನ್ನು ಇಡುತ್ತಾನೆಯೇ ಎಂಬ ತರ್ಕದಿಂದ ನೋಡಿದರೆ, ಮಡಕೆ, ಕೊಳಗಗಳನ್ನು ದೈವವೆನ್ನಬಾರದೆಂಬ ಬಸವಣ್ಣನ ಮಾತೂ ಕಾಯಕಕ್ಕೆ ಚಂದಯ್ಯ ಕೊಟ್ಟ ಮೊದಲ ಸ್ಥಾನವೂ ಒಂದೇ ನಿಲುವಿನ ಎರಡು ಹೇಳಿಕೆಗಳಾಗುತ್ತವೆ.

ಹಾಗಾದರೆ ಖಂಡೆಪೂಜೆಯ ಮಗ್ಗದ ಮುಂದೆ ಕೂತ ನೇಕಾರ ಮಾಡುತ್ತಿರುವುದೇನು? ಲಾಳಿಯಿಂದ ಸಂಪತ್ತು ಬೇಡುತ್ತಿದ್ದರೆ ಬಸವಣ್ಣನ ಮಾತು ಅವನಿಗೆ ಪೂರ್ತಿಯಾಗಿ ತಗಲುತ್ತದೆ. ವರ್ಷಕ್ಕೊಂದು ದಿನ ಹಣಿಗೆಯ ಹಲ್ಲು ತಿಕ್ಕಿ, ಸವೆದದ್ದನ್ನು ಕಂಡು, ಸೀರೆ ನೇಯ್ದವನು ತಾನೊಬ್ಬನೇ ಅಲ್ಲವೆಂದು ಒಪ್ಪಿಕೊಳ್ಳುತ್ತಿದ್ದರೆ ಆ ಮಾತು ತಗಲುವುದಿಲ್ಲ. ಆಗ ಅದು ಗೀತೆ ಹೇಳುವ ಸರಿಯಾದ ನೋಟ. ಬರಿಗೈಯಲ್ಲಿ ಕೂರುವ ಆ ದಿನಕ್ಕೆ ಶಂಕರರ ಬಡಿಗನೂ ಅರ್ಥ ಕೊಡುತ್ತಾನೆ, ಉಪಕರಣ ಕೆಳಗಿಟ್ಟಾಗ ಉಳಿಯುವುದೇನೆಂದು ಕೇಳಿಕೊಳ್ಳುವ ಅವಕಾಶ ಅದು. ಆದರೂ ಶಂಕರರ ದೃಷ್ಟಾಂತ ಇಲ್ಲಿ ಪೂರ್ತಿ ಸಾಲುವುದಿಲ್ಲ. ಬಡಿಗ ಮನೆಗೆ ಬಂದರೆ ಅವನ ಮಟ್ಟಿಗೆ ಕರ್ತೃತ್ವ ಕಳಚಬಹುದು, ಅವನು ಮಾಡಿದ ಬಾಗಿಲು ಮಾತ್ರ ಇನ್ನೊಬ್ಬರ ಮನೆಯಲ್ಲಿ ತೆರೆಯುತ್ತ ಮುಚ್ಚುತ್ತ ಇರುತ್ತದೆ. ಶರಣರು ಕಾಯಕದ ಜೊತೆಗೆ ದಾಸೋಹವನ್ನು, ಅಂದರೆ ದುಡಿಮೆಯ ಫಲವನ್ನು ತನ್ನದೆನ್ನದೆ ಸಮಾಜಕ್ಕೆ ಸಲ್ಲಿಸುವುದನ್ನು, ಬಿಡಿಸಲಾಗದಂತೆ ಹೆಣೆದದ್ದು ಈ ಕೊರತೆಯನ್ನು ಕಂಡೇ ಇರಬೇಕು. ಮ್ಯಾಸಿಮಿನೊ ಒಳಗೆ ಬಂದು ಉಪಕರಣಗಳನ್ನು ಎಣಿಸಿಟ್ಟ ಮೇಲೆ ಹಬಲ್ ಕಳಿಸಿದ ಚಿತ್ರ, ವರ್ಣಪಟಲಗಳು, ಅವನ್ನು ಕೇಳಿ ಪಡೆದ ವಿಜ್ಞಾನಿಗೆ ಗೊತ್ತುಪಡಿಸಿದ ಅವಧಿ ಕಳೆದೊಡನೆ ಜಗತ್ತಿನ ಯಾರು ಬೇಕಾದರೂ ಬಳಸುವಂತೆ ಸಾರ್ವಜನಿಕ ಸಂಗ್ರಹಕ್ಕೆ ಸೇರುತ್ತವೆ. ಕೆಟ್ಟ ಬೋಲ್ಟನ್ನು ಜಗ್ಗಿ ಮುರಿದ ಆ ಕೈಯ ಕೆಲಸದ ಫಲವನ್ನು ಬೆಂಗಳೂರು, ಧಾರವಾಡಗಳ ವಿದ್ಯಾರ್ಥಿಯೂ ಕಾಸು ಕೊಡದೆ ತೆರೆದು ನೋಡಬಹುದು.